ಬ್ಯಾಕ್ಟೀರಿಯಾಗಳಿಗೆ ವಿಷ ಗೊತ್ತಾಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಿಗ್ರಿ ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡುತ್ತೇನೆ. ಬ್ಯಾಕ್ಟೀರಿಯಾ ವಿಷವನ್ನು ಹೇಗೆ ಎದುರಿಸುತ್ತವೆ ಅನ್ನುವ ಪಾಠ ಬಂದಾಗ ಬೆಲ್ ಹೊಡೆದ ಮೇಲೂ ಪ್ರಶ್ನೆಗಳು ನಿಲ್ಲುವುದಿಲ್ಲ. ಮನೆಗೆ ಬಂದ ನೆಂಟರು ತಾಮ್ರದ ಬಿಂದಿಗೆಯ ಬಗ್ಗೆ ಕೇಳುತ್ತಾರೆ. ದಾಳಿಂಬೆ ಬೆಳೆಯುವ ಸ್ನೇಹಿತರು ಔಷಧಿ ಹೊಡೆದರೂ ರೋಗ ಯಾಕೆ ಹೋಗಲ್ಲ ಅಂತ ಕೇಳುತ್ತಾರೆ. ಅವರಿಗೆಲ್ಲ ಹೇಳಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ. ತಾಮ್ರ, ಪಾದರಸ, ಆರ್ಸೆನಿಕ್ ಈ ಮೂರರ ಮಾತೇ ಇಲ್ಲಿ ಜಾಸ್ತಿ. ವಿಷ ಒಳಗೆ ಬರುವುದರಿಂದ ಹಿಡಿದು ಹೊರಗೆ ಹೋಗುವವರೆಗೆ ಏನೇನಾಗುತ್ತದೆ ಅನ್ನುವುದು ಇವುಗಳಲ್ಲಿ ತುಂಬ ಚೆನ್ನಾಗಿ ತಿಳಿದಿದೆ.

ಬ್ಯಾಕ್ಟೀರಿಯಾಗೆ ಕಣ್ಣಿಲ್ಲ, ಮೂಗಿಲ್ಲ, ಮಿದುಳಿಲ್ಲ. ವಿಷ ಬಂತು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತದೆ?

ಪ್ರೋಟೀನ್‌ಗಳಿಂದ. ಒಂದು ಬ್ಯಾಕ್ಟೀರಿಯಾ ಒಳಗೆ ಸಾವಿರಾರು ಬಗೆಯ ಪ್ರೋಟೀನ್‌ಗಳಿವೆ. ಅವುಗಳಲ್ಲಿ ಕೆಲವು ಕಾವಲುಗಾರರು. ಇಂಥ ಒಂದು ಪ್ರೋಟೀನ್‌ನ ಮೈಯಲ್ಲಿ ಒಂದು ಸಣ್ಣ ಗುಳಿ ಇರುತ್ತದೆ. ಆ ಗುಳಿಗೆ ಸರಿಯಾಗಿ ಹೊಂದುವ ವಸ್ತು ಬಂದು ಕೂತರೆ ಪ್ರೋಟೀನ್‌ನ ಆಕಾರ ಸ್ವಲ್ಪ ಬದಲಾಗುತ್ತದೆ. ಆಕಾರ ಬದಲಾದದ್ದೇ ಸುದ್ದಿ.

ಎಷ್ಟೋ ಸಲ ಈ ಕಾವಲುಗಾರ ಡಿಎನ್‌ಎ ಮೇಲೆಯೇ ಕೂತಿರುತ್ತಾನೆ. ವಿಷವನ್ನು ಎದುರಿಸುವ ಜೀನ್‌ಗಳು ಅಲ್ಲೇ ಪಕ್ಕದಲ್ಲಿರುತ್ತವೆ. ವಿಷ ಬಂದು ಅಂಟಿಕೊಂಡ ಕೂಡಲೇ ಆ ಜೀನ್‌ಗಳು ಚಾಲೂ ಆಗುತ್ತವೆ. ನಮ್ಮಲ್ಲಾದರೆ ಮೂಗಿಗೆ ವಾಸನೆ ಬಡಿಯಬೇಕು, ಮಿದುಳಿಗೆ ತಿಳಿಯಬೇಕು, ಆಮೇಲೆ ಕೈ ಮೂಗು ಮುಚ್ಚಬೇಕು. ಇಲ್ಲಿ ಮೂಗು, ಮಿದುಳು, ಕೈ ಮೂರೂ ಕೆಲಸ ಒಂದೇ ಪ್ರೋಟೀನ್‌ನದ್ದು. ಪ್ರತಿ ವರ್ಷ ಪಾಠ ಮಾಡುವಾಗಲೂ ಈ ಸರಳತೆ ನನಗೆ ಬೆರಗು ಹುಟ್ಟಿಸುತ್ತದೆ.

ಇನ್ನೊಂದು ವಿಧಾನವೂ ಇದೆ. ಕೋಶದ ಪೊರೆಯಲ್ಲಿ ಒಂದು ಪ್ರೋಟೀನ್ ಹೊರಗಿನದ್ದನ್ನು ಗಮನಿಸುತ್ತದೆ. ಏನಾದರೂ ಸಿಕ್ಕರೆ ಒಳಗಿರುವ ಇನ್ನೊಂದು ಪ್ರೋಟೀನ್‌ಗೆ ಒಂದು ಫಾಸ್ಫೇಟ್ ದಾಟಿಸುತ್ತದೆ. ಆ ಎರಡನೆಯದು ಹೋಗಿ ಜೀನ್‌ಗಳನ್ನು ಎಬ್ಬಿಸುತ್ತದೆ. ನಮ್ಮ ಕರುಳಿನಲ್ಲಿರುವ ಇ. ಕೋಲೈಯಲ್ಲಿ ಇಂಥ ಸುಮಾರು 30 ಜೋಡಿಗಳಿವೆ.

ಅಂದರೆ ಇದು ವಿಷ, ಇದು ವಿಷ ಅಲ್ಲ ಅಂತ ಅದು ತಿಳಿದುಕೊಳ್ಳುತ್ತದೆಯಾ?

ಇಲ್ಲ. ಈ ಪುಟದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬ್ಯಾಕ್ಟೀರಿಯಾಗೆ ‘ವಿಷ’ ಅಂತ ಒಂದು ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ತನ್ನ ಕಾವಲುಗಾರನ ಗುಳಿಗೆ ಹೊಂದುವ ವಸ್ತು ಮಾತ್ರ. ಕಾವಲುಗಾರನೇ ಇಲ್ಲದ ವಿಷ ಬಂದರೆ ಏನೂ ತಿಳಿಯದೆ ಸಾಯುತ್ತದೆ. ಹಾನಿಯೇ ಮಾಡದ ವಸ್ತು ಗುಳಿಗೆ ಹೊಂದಿಕೊಂಡರೆ ಸುಮ್ನೆ ಎಚ್ಚರಗೊಳ್ಳುತ್ತದೆ.

ಪ್ರಮಾಣವೂ ಮುಖ್ಯ. ತಾಮ್ರವನ್ನೇ ನೋಡಿ. ಇ. ಕೋಲೈಗೆ ಉಸಿರಾಟದ ಒಂದು ಕಿಣ್ವಕ್ಕೆ ತಾಮ್ರ ಬೇಕೇ ಬೇಕು. ಸ್ವಲ್ಪ ಜಾಸ್ತಿಯಾದರೆ ಅದೇ ತಾಮ್ರ ಕೊಲ್ಲುತ್ತದೆ. ಕಬ್ಬಿಣ ಮತ್ತು ಗಂಧಕ ಸೇರಿ ಕೆಲವು ಕಿಣ್ವಗಳ ಒಳಗೆ ಪುಟ್ಟ ಗೊಂಚಲುಗಳಾಗಿರುತ್ತವೆ. ತಾಮ್ರ ಹೋಗಿ ಆ ಕಬ್ಬಿಣವನ್ನು ತಳ್ಳಿ ತಾನು ಕೂರುತ್ತದೆ. ಕಿಣ್ವ ಕೆಟ್ಟುಹೋಗುತ್ತದೆ.

ತಾಮ್ರದ ಬಿಂದಿಗೆಯಲ್ಲಿ ರಾತ್ರಿ ನೀರಿಟ್ಟರೆ ನಿಜವಾಗಲೂ ರೋಗಾಣು ಸಾಯುತ್ತವಾ? ಅಥವಾ ಅದೊಂದು ನಂಬಿಕೆಯಾ?

ನಿಜವಾಗಲೂ ಸಾಯುತ್ತವೆ. ಬೆಂಗಳೂರಿನ ಸಂಶೋಧಕರೇ ಇದನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಕಾಲರಾ, ಆಮಶಂಕೆ ಮತ್ತು ಭೇದಿ ತರುವ ಬ್ಯಾಕ್ಟೀರಿಯಾಗಳನ್ನು ನೀರಿಗೆ ಬೆರೆಸಿ ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟರು. ಆಮೇಲೆ ನೋಡಿದರೆ ಒಂದನ್ನೂ ಮತ್ತೆ ಬೆಳೆಸಲು ಆಗಲಿಲ್ಲ. ನೀರಿಗೆ ಇಳಿದಿದ್ದ ತಾಮ್ರ ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆ. ಕುಡಿಯುವ ನೀರಿನಲ್ಲಿ 2 ಮಿಲಿಗ್ರಾಂವರೆಗೆ ಇರಬಹುದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ.

ಹಾಗಂತ ಆ ಬ್ಯಾಕ್ಟೀರಿಯಾಗಳೇನೂ ಸುಮ್ಮನೆ ಕೂತಿರುವುದಿಲ್ಲ. ಇ. ಕೋಲೈಯೊಳಗೆ ತಾಮ್ರಕ್ಕೇ ಅಂತ ಒಬ್ಬ ಕಾವಲುಗಾರನಿದ್ದಾನೆ. ಅವನು ಎಷ್ಟು ಸೂಕ್ಷ್ಮ ಗೊತ್ತಾ? ಕೋಶದೊಳಗೆ ಯಾವುದಕ್ಕೂ ಅಂಟದೆ ಬಿಡಿಯಾಗಿ ಓಡಾಡುವ ತಾಮ್ರದ ಕಣ ಒಂದೇ ಒಂದು ಇದ್ದರೂ ಅವನ ಲೆಕ್ಕದಲ್ಲಿ ಅದು ಜಾಸ್ತಿ. ಇದನ್ನು 2003ರಲ್ಲಿ ಅಳೆದು ತೋರಿಸಿದರು. ಕೋಶದೊಳಗಿನ ತಾಮ್ರವೆಲ್ಲ ಯಾವುದಾದರೊಂದು ಪ್ರೋಟೀನ್‌ನ ಕೈಯಲ್ಲಿ ಇರಲೇಬೇಕು, ಬಿಡಿಯಾಗಿ ತಿರುಗುವ ಹಾಗಿಲ್ಲ ಅನ್ನುವುದು ಅಲ್ಲಿನ ಕಟ್ಟುಪಾಡು.

ಬಿಡಿ ತಾಮ್ರ ಸಿಕ್ಕಿದ ಕೂಡಲೇ ಎರಡು ಕೆಲಸ ಶುರುವಾಗುತ್ತವೆ. ಪೊರೆಯಲ್ಲಿ ಒಂದು ಪಂಪ್ ತಯಾರಾಗಿ ತಾಮ್ರವನ್ನು ಹೊರಗೆ ನೂಕುತ್ತದೆ. ಇನ್ನೊಂದು ಕಿಣ್ವ ತಾಮ್ರವನ್ನು ಅದರ ಕಡಿಮೆ ಅಪಾಯದ ರೂಪಕ್ಕೆ ತಿರುಗಿಸುತ್ತದೆ. ತಾಮ್ರ ಇನ್ನೂ ಹೆಚ್ಚಾದರೆ ಮೂರನೇ ವ್ಯವಸ್ಥೆ ಎಚ್ಚರಾಗುತ್ತದೆ. ಅದು ಒಳಪೊರೆಯಿಂದ ಹೊರಪೊರೆಯವರೆಗೆ ಚಾಚಿಕೊಂಡ ಉದ್ದದ ಪೈಪ್. ಎರಡು ಪೊರೆಗಳ ನಡುವಿನ ಜಾಗದಿಂದ ತಾಮ್ರವನ್ನು ಎಳೆದು ನೇರ ಬೀದಿಗೆ ಹಾಕುತ್ತದೆ.

ಆದರೂ ಬಿಂದಿಗೆಯಲ್ಲಿ ಯಾಕೆ ಸಾಯುತ್ತವೆ? ಪಂಪ್ ನಡೆಯಲು ಶಕ್ತಿ ಬೇಕು. ಬರೀ ನೀರಿನಲ್ಲಿ ತಿನ್ನಲು ಏನೂ ಇಲ್ಲ. ಹೊರಗೆ ಹಾಕಿದ ತಾಮ್ರದ ಜಾಗಕ್ಕೆ ಬಿಂದಿಗೆಯ ಗೋಡೆಯಿಂದ ಮತ್ತೆ ತಾಮ್ರ ಬರುತ್ತಲೇ ಇರುತ್ತದೆ. ತೂತು ಬಿದ್ದ ದೋಣಿಯಲ್ಲಿ ಕೂತು ಬೊಗಸೆಯಲ್ಲಿ ನೀರು ಹೊರಗೆ ಚೆಲ್ಲಿದ ಹಾಗೆ.

ಹಾಗಾದರೆ ತಾಮ್ರದ ಬಿಂದಿಗೆ ಇದ್ದರೆ ಫಿಲ್ಟರ್ ಬೇಡವಾ?

ಬೇಕಾಗಬಹುದು. ನೀರಿನಲ್ಲಿ ಫ್ಲೋರೈಡ್, ಆರ್ಸೆನಿಕ್, ನೈಟ್ರೇಟ್ ಇದ್ದರೆ ತಾಮ್ರದ ಪಾತ್ರೆ ಅವನ್ನು ತೆಗೆಯುವುದಿಲ್ಲ. ಕೊಳಕಾದ, ಮಣ್ಣು ತುಂಬಿದ ನೀರಿನಲ್ಲಿ ತಾಮ್ರದ ಕೆಲಸವೂ ಕಡಿಮೆಯಾಗುತ್ತದೆ. ಇನ್ನೊಂದು ಮಾತು. ಕಲಾಯಿ ಇಲ್ಲದ ತಾಮ್ರದ ಪಾತ್ರೆಯಲ್ಲಿ ಮಜ್ಜಿಗೆ, ನಿಂಬೆ ಪಾನಕ, ಹುಣಸೆ ಹಾಕಿದ ಸಾರು ಇಡಬೇಡಿ. ಹುಳಿ ತಾಮ್ರವನ್ನು ಕರಗಿಸುತ್ತದೆ. ನಮ್ಮ ಹಿರಿಯರು ಕಲಾಯಿ ಹಾಕಿಸುತ್ತಿದ್ದದ್ದು ಇದೇ ಕಾರಣಕ್ಕೆ.

ಪಾದರಸವನ್ನೂ ಬ್ಯಾಕ್ಟೀರಿಯಾ ಎದುರಿಸುತ್ತವೆ ಅಂತ ಓದಿದ್ದೆ. ಹೇಗೆ?

ನನ್ನ ಇಷ್ಟದ ಪ್ರಶ್ನೆ ಇದು. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಪಾದರಸಕ್ಕೆ ಗಂಧಕ ಕಂಡರೆ ಬಿಡದ ನಂಟು. ಪ್ರೋಟೀನ್‌ಗಳಲ್ಲಿ ಸಿಸ್ಟೀನ್ ಎಂಬ ಗಂಧಕವಿರುವ ಘಟಕ ಇದೆ. ಪಾದರಸ ಅದಕ್ಕೆ ಅಂಟಿಕೊಂಡರೆ ಪ್ರೋಟೀನ್ ಕೆಲಸಕ್ಕೆ ಬಾರದ ಹಾಗಾಗುತ್ತದೆ. ಪಾದರಸ ನಮಗೂ ವಿಷ, ಬ್ಯಾಕ್ಟೀರಿಯಾಗೂ ವಿಷ. ಕಾರಣ ಎರಡೂ ಕಡೆ ಒಂದೇ.

ಪಾದರಸ ತಡೆಯುವ ಬ್ಯಾಕ್ಟೀರಿಯಾಗಳಲ್ಲಿ ಮರ್-ಆರ್ ಅನ್ನುವ ಕಾವಲುಗಾರ ಇದ್ದಾನೆ. ಅವನು ಪಾದರಸದ ಈ ಗುಣವನ್ನೇ ಬಳಸಿಕೊಳ್ಳುತ್ತಾನೆ. ಅವನ ಗುಳಿಯಲ್ಲಿ ಮೂರು ಸಿಸ್ಟೀನ್‌ಗಳು ಒಲೆಯ ಮೂರು ಗುಂಡುಗಳ ಹಾಗೆ ಕೂತಿವೆ. ನಡುವೆ ಪಾದರಸದ ಒಂದು ಕಣ ಸರಿಯಾಗಿ ಕೂರುತ್ತದೆ.

ಇನ್ನು ಡಿಎನ್‌ಎ ಕಡೆ ಬನ್ನಿ. ಜೀನ್ ಓದುವ ಯಂತ್ರಕ್ಕೆ ಡಿಎನ್‌ಎ ಮೇಲೆ ಎರಡು ಹಿಡಿಗಳು ಬೇಕು. ಅವುಗಳ ನಡುವೆ ಸಾಮಾನ್ಯವಾಗಿ 17 ಮೆಟ್ಟಿಲಷ್ಟು ಅಂತರ. ಪಾದರಸದ ಜೀನ್‌ಗಳ ಮುಂದೆ ಮಾತ್ರ ಈ ಅಂತರ 19. ಡಿಎನ್‌ಎ ತಿರುಚಿದ ಏಣಿಯಲ್ಲವಾ, ಎರಡು ಮೆಟ್ಟಿಲು ಹೆಚ್ಚಾದರೆ ಒಂದು ಹಿಡಿ ಇನ್ನೊಂದು ದಿಕ್ಕಿಗೆ ತಿರುಗಿಬಿಡುತ್ತದೆ. ಓದುವ ಯಂತ್ರ ಅಲ್ಲಿ ಬಂದು ಕೂರುತ್ತದೆ, ಆದರೆ ಶುರು ಮಾಡಲು ಆಗುವುದಿಲ್ಲ. ಪಾದರಸ ಸಿಕ್ಕಿದ ಕೂಡಲೇ ಮರ್-ಆರ್ ತಾನು ಹಿಡಿದಿರುವ ಡಿಎನ್‌ಎಯನ್ನು ಸ್ವಲ್ಪ ಹೊರಳಿಸುತ್ತಾನೆ. ಎರಡೂ ಹಿಡಿಗಳು ಒಂದೇ ಸಾಲಿಗೆ ಬರುತ್ತವೆ. ಯಂತ್ರ ಓಡುತ್ತದೆ. ಕಾವಲುಗಾರ ಕೂತ ಜಾಗದಿಂದ ಏಳಲೇ ಇಲ್ಲ, ಬೀಗ ತೆಗೆದ ಅಷ್ಟೇ. ಮೊದಲು ಹೇಳಿದ ತಾಮ್ರದ ಕಾವಲುಗಾರನೂ ಇದೇ ಕುಟುಂಬದವನು. ಅವನ ತಂತ್ರವೂ ಇದೇ.

ಆಮೇಲೆ ಏನಾಗುತ್ತದೆ? ಯಾರೂ ನಿರೀಕ್ಷಿಸದ ಒಂದು ಕೆಲಸ. ಬ್ಯಾಕ್ಟೀರಿಯಾ ಪಾದರಸವನ್ನು ಹೊರಗೆ ತಳ್ಳುವ ಬದಲು ಒಳಗೆ ಕರೆದುಕೊಳ್ಳುತ್ತದೆ. ಆದರೆ ಎಲ್ಲೂ ಕೈ ಬಿಡುವುದಿಲ್ಲ. ಒಂದು ಪ್ರೋಟೀನ್‌ನ ಸಿಸ್ಟೀನ್‌ನಿಂದ ಇನ್ನೊಂದರ ಸಿಸ್ಟೀನ್‌ಗೆ ದಾಟಿಸುತ್ತಾ, ಕೊನೆಗೆ ಒಂದು ಕಿಣ್ವದ ಹತ್ತಿರ ತಲುಪಿಸುತ್ತದೆ. ಆ ಕಿಣ್ವ ಪಾದರಸದ ಲವಣವನ್ನು ಲೋಹರೂಪದ ಪಾದರಸವಾಗಿ ಬದಲಾಯಿಸುತ್ತದೆ. ಅದು ಆವಿಯಾಗಿ ಕೋಶದಿಂದ ಹೊರಟುಹೋಗುತ್ತದೆ. ಕೆಲವು ಬ್ಯಾಕ್ಟೀರಿಯಾಗಳಲ್ಲಿ ಇನ್ನೂ ಒಂದು ಕಿಣ್ವ ಇದೆ. ಅದು ಮೀಥೈಲ್ ಮರ್ಕ್ಯುರಿಯಂಥ ಹೆಚ್ಚು ಅಪಾಯದ ರೂಪವನ್ನು ಮೊದಲು ಕತ್ತರಿಸಿ ಕೊಡುತ್ತದೆ.

ಹಾಗಾದರೆ ಪಾದರಸದಿಂದ ಹಾಳಾದ ಜಾಗವನ್ನು ಬ್ಯಾಕ್ಟೀರಿಯಾ ಬಿಟ್ಟು ಶುದ್ಧ ಮಾಡಬಹುದಲ್ಲ?

ಕಾರ್ಖಾನೆಯ ತ್ಯಾಜ್ಯ ನೀರನ್ನು ಮುಚ್ಚಿದ ಟ್ಯಾಂಕ್‌ನಲ್ಲಿ ಹೀಗೆ ಶುದ್ಧ ಮಾಡಬಹುದು. ಅಲ್ಲಿ ಪಾದರಸವನ್ನು ಹಿಡಿದಿಟ್ಟುಕೊಳ್ಳಲು ಆಗುತ್ತದೆ. ಬಯಲಿನಲ್ಲಿ ಬಿಟ್ಟರೆ ಆವಿ ಗಾಳಿಗೆ ಸೇರುತ್ತದೆ, ಮತ್ತೆಲ್ಲೋ ಇಳಿಯುತ್ತದೆ. ಬ್ಯಾಕ್ಟೀರಿಯಾ ತನ್ನ ಮನೆ ಗುಡಿಸಿಕೊಳ್ಳುತ್ತದೆ. ಊರು ಗುಡಿಸುವುದು ಅದರ ಕೆಲಸವಲ್ಲ.

ಜಪಾನಿನ ಮಿನಮಾಟಾದಲ್ಲಿ ಕಾರ್ಖಾನೆಯ ಮೀಥೈಲ್ ಮರ್ಕ್ಯುರಿ ಸಮುದ್ರ ಸೇರಿ, ಮೀನು ಸೇರಿ, ಜನರ ನರಮಂಡಲವನ್ನು ಹಾಳು ಮಾಡಿದ್ದು 1956ರಲ್ಲಿ ಬೆಳಕಿಗೆ ಬಂತು. ನಮ್ಮ ಹತ್ತಿರದ ಕೊಡೈಕನಾಲ್‌ನಲ್ಲಿ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿದರೂ ಮಣ್ಣಿನ ಪಾದರಸದ ವಿಷಯ ವರ್ಷಗಟ್ಟಲೆ ಎಳೆಯಿತು. ‘ಬ್ಯಾಕ್ಟೀರಿಯಾ ನೋಡಿಕೊಳ್ಳುತ್ತವೆ’ ಅಂತ ಯಾರಾದರೂ ಹಗುರವಾಗಿ ಹೇಳಿದರೆ ನನಗೆ ಸಂಕಟವಾಗುತ್ತದೆ.

ಆರ್ಸೆನಿಕ್ ವಿಷಯ ಬೇರೆಯಾ?

ಬೇರೆ. ಇಲ್ಲಿ ವಿಷ ವೇಷ ಹಾಕಿಕೊಂಡು ಬರುತ್ತದೆ.

ನೀರಿನಲ್ಲಿ ಆರ್ಸೆನಿಕ್ ಮುಖ್ಯವಾಗಿ ಎರಡು ರೂಪದಲ್ಲಿರುತ್ತದೆ. ಒಂದು ಆರ್ಸೆನೇಟ್. ಅದು ನೋಡಲು ಫಾಸ್ಫೇಟ್ ಥರವೇ ಇದೆ. ಫಾಸ್ಫೇಟ್ ಇಲ್ಲದೆ ಬ್ಯಾಕ್ಟೀರಿಯಾ ಬದುಕುವುದಿಲ್ಲ, ಅದಕ್ಕೆ ಬಾಗಿಲು ತೆರೆದೇ ಇಟ್ಟಿರುತ್ತದೆ. ಆರ್ಸೆನೇಟ್ ಅದೇ ಬಾಗಿಲಿನಿಂದ ಒಳಗೆ ಬರುತ್ತದೆ. ಇನ್ನೊಂದು ಆರ್ಸೆನೈಟ್. ಅದು ಗ್ಲಿಸರಾಲ್ ಬರುವ ದಾರಿಯಲ್ಲಿ ನುಸುಳುತ್ತದೆ.

ಇಲ್ಲಿನ ಕಾವಲುಗಾರನ ಹೆಸರು ಆರ್ಸ್-ಆರ್. ಇವನ ರೀತಿ ಮರ್-ಆರ್‌ಗೆ ಉಲ್ಟಾ. ಸಾಮಾನ್ಯ ಹೊತ್ತಿನಲ್ಲಿ ಜೀನ್‌ಗಳ ಬಾಗಿಲಿಗೆ ಅಡ್ಡ ಕೂತಿರುತ್ತಾನೆ. ಆರ್ಸೆನೈಟ್ ಬಂದು ಅವನ ಸಿಸ್ಟೀನ್‌ಗಳಿಗೆ ಅಂಟಿದರೆ ಹಿಡಿತ ಸಡಿಲವಾಗಿ ಎದ್ದು ಹೋಗುತ್ತಾನೆ. ಬಾಗಿಲು ತೆರೆಯುತ್ತದೆ. ಆರ್ಸೆನೈಟನ್ನು ಹೊರಗೆ ಹಾಕುವ ಪಂಪ್ ತಯಾರಾಗುತ್ತದೆ.

ಆರ್ಸೆನೇಟನ್ನು ಏನು ಮಾಡುವುದು? ಅದನ್ನು ಹೊರಗೆ ಹಾಕುವ ಪಂಪ್ ಮಾಡಿದರೆ ಜೊತೆಗೆ ಫಾಸ್ಫೇಟೂ ಹೊರಗೆ ಹೋದೀತು. ಎರಡೂ ಅಷ್ಟು ಒಂದೇ ಥರ. ಅದಕ್ಕೆ ಒಂದು ಕಿಣ್ವ ಆರ್ಸೆನೇಟನ್ನು ಮೊದಲು ಆರ್ಸೆನೈಟ್ ಮಾಡುತ್ತದೆ. ಆರ್ಸೆನೈಟ್ ಇನ್ನೂ ಕೆಟ್ಟ ವಿಷ. ಆದರೆ ಈಗ ಅದರ ವೇಷ ಕಳಚಿದೆ, ಪಂಪ್ ಅದನ್ನು ಗುರುತಿಸುತ್ತದೆ. ಹೊರಗೆ ಹಾಕಲು ಬರುವ ಹಾಗೆ ಮಾಡಲು ವಿಷವನ್ನು ಇನ್ನಷ್ಟು ವಿಷ ಮಾಡುವುದು! ವಿದ್ಯಾರ್ಥಿಗಳು ಇಲ್ಲಿಗೆ ಬಂದಾಗ ಪೆನ್ ಕೆಳಗಿಟ್ಟು ಕೇಳುತ್ತಾರೆ.

ಇದರಿಂದ ನಮಗೇನು ಉಪಯೋಗ?

ಕುಡಿಯುವ ನೀರಿನ ಪರೀಕ್ಷೆ. ಆರ್ಸೆನಿಕ್‌ಗೆ ಬಣ್ಣ, ರುಚಿ, ವಾಸನೆ ಇಲ್ಲ. ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಾಂಗ್ಲಾದೇಶ, ಪಶ್ಚಿಮ ಬಂಗಾಳದ ಕೊಳವೆಬಾವಿಗಳ ಕಥೆ ಎಲ್ಲರಿಗೂ ಗೊತ್ತು. ನಮ್ಮ ರಾಯಚೂರು, ಯಾದಗಿರಿ ಜಿಲ್ಲೆಗಳ ಕೆಲವು ಹಳ್ಳಿಗಳ ನೀರಿನಲ್ಲೂ ಆರ್ಸೆನಿಕ್ ಮಿತಿ ಮೀರಿರುವುದು ದಾಖಲಾಗಿದೆ. ಅದು ಚಿನ್ನದ ಅದಿರಿನ ಸೀಮೆ. ಚಿನ್ನದ ಜೊತೆ ಆರ್ಸೆನಿಕ್ ಇರುವ ಖನಿಜವೂ ಬಂಡೆಯಲ್ಲಿ ಇರುತ್ತದೆ.

ವಿಜ್ಞಾನಿಗಳು ಮಾಡಿದ್ದು ಇಷ್ಟು. ಆರ್ಸ್-ಆರ್ ಕಾಯುವ ಬಾಗಿಲನ್ನು ಹಾಗೇ ಇಟ್ಟರು. ಅದರ ಹಿಂದೆ ಪಂಪಿನ ಜೀನ್ ಬದಲು ಬೆಳಕು ಕೊಡುವ ಜೀನ್ ಇಟ್ಟರು. ಈಗ ನೀರಿನಲ್ಲಿ ಆರ್ಸೆನಿಕ್ ಇದ್ದರೆ ಬ್ಯಾಕ್ಟೀರಿಯಾ ಮಿನುಗುತ್ತದೆ. ಜಾಸ್ತಿ ಇದ್ದರೆ ಜಾಸ್ತಿ ಮಿನುಗುತ್ತದೆ. ಸ್ವಿಟ್ಜರ್ಲೆಂಡ್‌ನ ಸಂಶೋಧಕರು ಇಂಥ ಬ್ಯಾಕ್ಟೀರಿಯಾದಿಂದ ವಿಯೆಟ್ನಾಂನ ಅಂತರ್ಜಲವನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದರು. ಮರುವರ್ಷ ಎಡಿನ್‌ಬರೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಬೆಳಕಿನ ಬದಲು ಹುಳಿಯ ಪ್ರಮಾಣ ಬದಲಾಗುವ ಹಾಗೆ ಮಾಡಿದರು. ಹುಳಿಯನ್ನು ಬಣ್ಣದಲ್ಲಿ ತೋರಿಸುವ ದ್ರಾವಣ ಸಾಕು, ದುಬಾರಿ ಯಂತ್ರ ಬೇಡ. ಇಂಥದ್ದು ನಮ್ಮ ಹಳ್ಳಿಗಳ ಬಾವಿಕಟ್ಟೆಗೆ ಬರಬೇಕು ಅನ್ನುವುದು ನನ್ನ ಆಸೆ.

ವಿಷ ಇರುವ ಕಡೆಯಿಂದ ಬ್ಯಾಕ್ಟೀರಿಯಾ ಓಡಿಹೋಗುವುದಿಲ್ಲವಾ?

ಈಜಲು ಬಾಲ ಇರುವಂಥವು ಓಡಿಹೋಗುತ್ತವೆ. ಅಮೆರಿಕದ ಮ್ಯಾಡಿಸನ್‌ನಲ್ಲಿ ಜೂಲಿಯಸ್ ಆಡ್ಲರ್ 1960ರ ದಶಕದಿಂದ ಇದನ್ನು ಬಿಡಿಸಿ ನೋಡಿದರು. 1972ರಲ್ಲಿ ಹೊವಾರ್ಡ್ ಬರ್ಗ್ ಒಂದೊಂದೇ ಬ್ಯಾಕ್ಟೀರಿಯಾವನ್ನು ಹಿಂಬಾಲಿಸುವ ಸೂಕ್ಷ್ಮದರ್ಶಕದಲ್ಲಿ ಇ. ಕೋಲೈಯ ಓಡಾಟವನ್ನು ದಾಖಲಿಸಿದರು.

ಅದು ಸುಮಾರು ಒಂದು ಸೆಕೆಂಡ್ ನೇರ ಈಜುತ್ತದೆ. ಆಮೇಲೆ ಸೆಕೆಂಡಿನ ಹತ್ತನೇ ಒಂದು ಭಾಗ ಪಲ್ಟಿ ಹೊಡೆಯುತ್ತದೆ. ಮತ್ತೆ ಯಾವುದೋ ಹೊಸ ದಿಕ್ಕಿಗೆ ಹೊರಡುತ್ತದೆ. ಎಡ ಬಲ ನೋಡಿ ತಿರುಗಲು ಅದಕ್ಕೆ ಬರುವುದಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ ಹೋಲಿಕೆ: ಕೆಲವು ಸೆಕೆಂಡ್ ಹಿಂದೆ ಇದ್ದದ್ದಕ್ಕಿಂತ ಈಗ ಹೇಗಿದೆ? ಉದಾಹರಣೆಗೆ, ಅದಕ್ಕೆ ಆಗದ ನಿಕ್ಕಲ್ ಲೋಹ ಕಡಿಮೆಯಾಗುತ್ತಾ ಇದ್ದರೆ ಪಲ್ಟಿ ಕಡಿಮೆ, ಅದೇ ದಿಕ್ಕಿನಲ್ಲಿ ಮುಂದೆ. ಹೆಚ್ಚಾಗುತ್ತಿದ್ದರೆ ಬೇಗ ಪಲ್ಟಿ. ಇಷ್ಟರಿಂದಲೇ ಅದು ನಿಧಾನವಾಗಿ ಒಳ್ಳೆಯ ಜಾಗ ಸೇರುತ್ತದೆ. ಒಂದೇ ಕೋಶಕ್ಕೆ ನೆನಪಿದೆ!

ಆಡ್ಲರ್ ತಂಡ 1974ರಲ್ಲಿ ಇನ್ನೊಂದು ವಿಷಯ ಹೇಳಿತು. ಹಾನಿ ಮಾಡುವ ಎಲ್ಲ ವಸ್ತುಗಳಿಂದಲೂ ಇ. ಕೋಲೈ ಓಡಿಹೋಗುವುದಿಲ್ಲ. ಓಡಿಹೋಗುವ ಎಲ್ಲ ವಸ್ತುಗಳೂ ಹಾನಿ ಮಾಡುವುದಿಲ್ಲ. ನಾನು ಮೇಲೆ ಹೇಳಿದ ಗುಳಿಯ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಾ?

ಬ್ಲೀಚಿಂಗ್ ಪೌಡರ್ ಹಾಕಿದರೆ ಅದಕ್ಕೂ ಹೀಗೆ ಎಚ್ಚರಾಗುತ್ತವಾ?

ಆಗುತ್ತವೆ. ಬ್ಲೀಚ್ ಬ್ಯಾಕ್ಟೀರಿಯಾದ ಪ್ರೋಟೀನ್‌ಗಳ ಮಡಿಕೆಯನ್ನು ಬಿಚ್ಚುತ್ತದೆ. ಆಗ ಅವು ಬೆಂದ ಮೊಟ್ಟೆಯ ಹಾಗೆ ಗಂಟು ಕಟ್ಟುತ್ತವೆ. ಇ. ಕೋಲೈಯಲ್ಲಿ ಒಂದು ರಕ್ಷಕ ಪ್ರೋಟೀನ್ ಇದೆ. ಬ್ಲೀಚ್ ತಗುಲಿದಾಗಲೇ ಅದು ಚುರುಕಾಗುತ್ತದೆ, ಬಿಚ್ಚಿಕೊಂಡ ಪ್ರೋಟೀನ್‌ಗಳನ್ನು ಗಂಟು ಕಟ್ಟದಂತೆ ಹಿಡಿದಿಟ್ಟುಕೊಳ್ಳುತ್ತದೆ. ಮಿಚಿಗನ್‌ನ ಸಂಶೋಧಕರು 2008ರಲ್ಲಿ ಇದನ್ನು ತೋರಿಸಿದರು. ಆದರೆ ಹೇಳಿದ ಪ್ರಮಾಣದಲ್ಲಿ ಬಳಸಿದರೆ ಬ್ಲೀಚ್ ಮುಂದೆ ಈ ರಕ್ಷಣೆ ನಿಲ್ಲುವುದಿಲ್ಲ. ಸಿಕ್ಕಾಪಟ್ಟೆ ತೆಳು ಮಾಡಿದರೆ ಮಾತ್ರ ಅವಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ಹಾಗೇ, ಬ್ಲೀಚನ್ನು ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಎಂದೂ ಬೆರೆಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ.

ಆಂಟಿಬಯೋಟಿಕ್ ಮಾತ್ರೆಗೂ ಇದೇ ಲೆಕ್ಕವಾ?

ತತ್ವ ಅದೇ. ವಿಧಾನ ಬೇರೆ ಬೇರೆ. ಟೆಟ್ರಾಸೈಕ್ಲಿನ್ ಬಂದರೆ ಒಬ್ಬ ಕಾವಲುಗಾರ ಎದ್ದು ಹೋಗಿ ಪಂಪಿನ ಜೀನ್ ತೆರೆಯುತ್ತಾನೆ, ಆರ್ಸೆನಿಕ್ ಕಥೆಯ ಹಾಗೆಯೇ.

ಪೆನಿಸಿಲಿನ್ ಗುಂಪಿನ ಔಷಧಿಗೆ ಕೆಲವು ಬ್ಯಾಕ್ಟೀರಿಯಾ ಬೇರೆ ದಾರಿ ಹಿಡಿದಿವೆ. ಅವು ಔಷಧಿಯನ್ನು ನೋಡುವುದೇ ಇಲ್ಲ. ಔಷಧಿ ಅವುಗಳ ಕೋಶದ ಗೋಡೆಯನ್ನು ಒಡೆಯುತ್ತದೆ. ಗೋಡೆಯ ಚೂರುಗಳು ಒಳಗೆ ಸೇರುತ್ತವೆ. ಕಾವಲುಗಾರ ಗುರುತಿಸುವುದು ಆ ಚೂರನ್ನು. ಅಂಗಳದಲ್ಲಿ ಹೆಂಚಿನ ಚೂರು ಬಿದ್ದಿದ್ದು ನೋಡಿ ಮಾಡಿನ ಮೇಲೆ ಯಾರೋ ಹತ್ತಿದ್ದಾರೆ ಅಂತ ತಿಳಿಯುವುದಿಲ್ಲವಾ, ಹಾಗೆ. ಕೂಡಲೇ ಔಷಧಿಯನ್ನು ಕತ್ತರಿಸುವ ಕಿಣ್ವ ಹೊರಬರುತ್ತದೆ.

ಸಿಪ್ರೋಫ್ಲಾಕ್ಸಸಿನ್ ಡಿಎನ್‌ಎಯನ್ನೇ ತುಂಡು ಮಾಡುತ್ತದೆ. ತುಂಡಾದ ಡಿಎನ್‌ಎ ಕಂಡರೆ ಇ. ಕೋಲೈಯಲ್ಲಿ ಸುಮಾರು 40 ಜೀನ್‌ಗಳ ಒಂದು ತುರ್ತು ದಳ ಏಳುತ್ತದೆ. ಅದರ ಹೆಸರೇ ಎಸ್‌ಒಎಸ್. ಆ ದಳದಲ್ಲಿ ಅವಸರದಲ್ಲಿ ಡಿಎನ್‌ಎ ನಕಲು ಮಾಡುವ ಕಿಣ್ವಗಳೂ ಇವೆ. ಅವು ತಪ್ಪು ಮಾಡುತ್ತವೆ. ತಪ್ಪು ಅಂದರೆ ಹೊಸ ರೂಪಾಂತರ. ಕೊಲ್ಲದಷ್ಟು ಕಡಿಮೆ ಔಷಧಿ ಸಿಕ್ಕಾಗ ಬ್ಯಾಕ್ಟೀರಿಯಾ ಬದುಕಿ ಉಳಿದು ಈ ತಪ್ಪುಗಳನ್ನು ಮುಂದಿನ ಪೀಳಿಗೆಗೆ ಕೊಡುತ್ತವೆ. ಮೆಡಿಕಲ್ ಶಾಪಿನಲ್ಲಿ ಎರಡು ಮಾತ್ರೆ ಕೇಳಿ ನುಂಗುವ ಅಭ್ಯಾಸ ನೋಡಿದಾಗ ನನಗೆ ನೆನಪಾಗುವುದು ಇದೇ. ಡಾಕ್ಟರು ಬರೆದಿದ್ದರೆ ಬರೆದಷ್ಟು ತೆಗೆದುಕೊಳ್ಳಿ. ಬರೆಯದಿದ್ದರೆ ಬೇಡ.

ಅಂದರೆ ಔಷಧಿ ತಿಂದು ತಿಂದು ಬ್ಯಾಕ್ಟೀರಿಯಾಗೆ ಅಭ್ಯಾಸವಾಗುತ್ತದೆ, ಅಲ್ವಾ?

ಎರಡು ಬೇರೆ ವಿಷಯಗಳನ್ನು ಇಲ್ಲಿ ಒಟ್ಟಿಗೆ ಕಟ್ಟುತ್ತೇವೆ. ಒಂದು, ಇರುವ ಜೀನನ್ನು ಎಬ್ಬಿಸುವುದು. ನಿಮಿಷಗಳಲ್ಲಿ ಆಗುತ್ತದೆ, ವಿಷ ಹೋದ ಮೇಲೆ ನಿಲ್ಲುತ್ತದೆ. ಇನ್ನೊಂದು, ಜೀನೇ ಬದಲಾಗುವುದು. ಅದು ಅಭ್ಯಾಸವಲ್ಲ, ಆಯ್ಕೆ.

ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿ 1952ರಲ್ಲಿ ಇದನ್ನು ಒಂದು ಮಖಮಲ್ ಬಟ್ಟೆಯಿಂದ ತೋರಿಸಿದರು. ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾ ಮೇಲೆ ಬಟ್ಟೆ ಒತ್ತಿ, ಅದೇ ಬಟ್ಟೆಯನ್ನು ಸ್ಟ್ರೆಪ್ಟೋಮೈಸಿನ್ ಇರುವ ತಟ್ಟೆಗೆ ಒತ್ತಿದರು. ಮುದ್ರೆ ಹೊಡೆದ ಹಾಗೆ. ಔಷಧಿ ತಟ್ಟೆಯಲ್ಲಿ ಎಲ್ಲಿ ಬದುಕಿದವೋ, ಮೊದಲ ತಟ್ಟೆಯ ಅದೇ ಜಾಗದಿಂದ ಬ್ಯಾಕ್ಟೀರಿಯಾ ತೆಗೆದರು. ಅವು ಔಷಧಿಯನ್ನು ಕಂಡೇ ಇರಲಿಲ್ಲ. ಹಾಗೇ ಮತ್ತೆ ಮತ್ತೆ ಮಾಡಿದಾಗ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾವೇ ಸಿಕ್ಕಿತು. ಬದಲಾವಣೆ ಮೊದಲೇ ಇತ್ತು. ಔಷಧಿ ಉಳಿದವನ್ನು ಕೊಂದು ಅದಕ್ಕೆ ಜಾಗ ಮಾಡಿಕೊಟ್ಟಿತು.

ಇನ್ನು ಕೆಲವು ಬದುಕುವುದು ಸುಮ್ನೆ ನಿದ್ದೆ ಮಾಡುತ್ತಿದ್ದ ಕಾರಣಕ್ಕೆ. 1944ರಲ್ಲಿ ಜೋಸೆಫ್ ಬಿಗರ್ ಪೆನಿಸಿಲಿನ್‌ಗೆ ಸಾಯದೆ ಉಳಿದ ಕೆಲವನ್ನು ಗಮನಿಸಿದರು. ಅವುಗಳ ಮಕ್ಕಳು ಮತ್ತೆ ಪೆನಿಸಿಲಿನ್‌ಗೆ ಸಾಯುತ್ತಿದ್ದವು. ಜೀನ್ ಬದಲಾಗಿರಲಿಲ್ಲ.

ಈ ಜೀನ್‌ಗಳೆಲ್ಲ ನಮ್ಮ ಔಷಧಿ, ಕಾರ್ಖಾನೆ ಬಂದ ಮೇಲೆ ಹುಟ್ಟಿದ್ದಾ?

ಇಲ್ಲ, ತುಂಬ ಹಳೆಯವು. ಜ್ವಾಲಾಮುಖಿಗಳು, ಅದಿರು ಬಂಡೆಗಳು ಮನುಷ್ಯರಿಗಿಂತ ಮೊದಲೇ ಇದ್ದವು. ಕೆನಡಾದ ಯೂಕಾನ್‌ನಲ್ಲಿ 30,000 ವರ್ಷ ಹಳೆಯ ಹೆಪ್ಪುಗಟ್ಟಿದ ಮಣ್ಣಿನಲ್ಲಿ ಪೆನಿಸಿಲಿನ್, ಟೆಟ್ರಾಸೈಕ್ಲಿನ್, ವ್ಯಾಂಕೊಮೈಸಿನ್ ತಡೆಯುವ ಜೀನ್‌ಗಳು ಸಿಕ್ಕಿದ್ದು 2011ರಲ್ಲಿ ವರದಿಯಾಯಿತು. ನಾವು ಮಾಡಿದ್ದು ಅವುಗಳಿಗೆ ಬೇಡಿಕೆ ಹೆಚ್ಚಿಸಿದ್ದು.

ನಮ್ಮ ದಾಳಿಂಬೆ ತೋಟಕ್ಕೆ ತಾಮ್ರದ ಔಷಧಿ, ಸ್ಟ್ರೆಪ್ಟೋಸೈಕ್ಲಿನ್ ಎರಡೂ ಹೊಡೆಯುತ್ತೇವೆ. ಆದರೂ ರೋಗ ಮತ್ತೆ ಬರುತ್ತದೆ. ಯಾಕೆ?

ಬಾಗಲಕೋಟೆ, ವಿಜಯಪುರ, ಕೊಪ್ಪಳದ ಕಡೆಯಿಂದ ನನಗೆ ಜಾಸ್ತಿ ಬರುವ ಪ್ರಶ್ನೆ ಇದು. ಈ ರೋಗದ ಹೆಸರು ದುಂಡಾಣು ಅಂಗಮಾರಿ. ಅದನ್ನು ತರುವುದು ಕ್ಸಾಂತೊಮೊನಾಸ್ ಎಂಬ ಬ್ಯಾಕ್ಟೀರಿಯಾ. ಮಳೆ ಹನಿಯ ಜೊತೆ ಚಿಮ್ಮಿ, ಎಲೆಯ ರಂಧ್ರದಿಂದ ಒಳಗೆ ಹೋಗುತ್ತದೆ. ಔಷಧಿ ಎಲೆಯ ಮೇಲೆ ಇರುತ್ತದೆ. ಒಳಗೆ ಹೋದದ್ದಕ್ಕೆ ತಾಮ್ರ ತಲುಪುವುದಿಲ್ಲ. ಮೊದಲ ಕಾರಣ ಇದು.

ಎರಡನೆಯದು ಹೆಚ್ಚು ಕಳವಳದ್ದು. ಇದೇ ಕುಟುಂಬದ ಬ್ಯಾಕ್ಟೀರಿಯಾ ಅಮೆರಿಕದ ಫ್ಲೋರಿಡಾದ ಟೊಮೇಟೊ, ಮೆಣಸಿನ ಹೊಲಗಳಲ್ಲಿ ತಾಮ್ರಕ್ಕೆ ಜಗ್ಗದ ಹಾಗಾದದ್ದು 1980ರ ದಶಕದಲ್ಲೇ ಗೊತ್ತಾಯಿತು. ತಾಮ್ರ ತಡೆಯುವ ಜೀನ್‌ಗಳು ಎಷ್ಟೋ ಸಲ ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರದ ಮೇಲಿರುತ್ತವೆ. ಆ ಉಂಗುರವನ್ನು ಒಂದು ಬ್ಯಾಕ್ಟೀರಿಯಾ ಇನ್ನೊಂದಕ್ಕೆ ದಾಟಿಸುತ್ತದೆ. ಲೋಹ ತಡೆಯುವ ಜೀನ್ ಮತ್ತು ಆಂಟಿಬಯೋಟಿಕ್ ತಡೆಯುವ ಜೀನ್ ಒಂದೇ ಉಂಗುರದಲ್ಲಿ ಇದ್ದರೆ, ತಾಮ್ರ ಹೊಡೆದಾಗಲೂ ಆಂಟಿಬಯೋಟಿಕ್ ತಡೆಯುವ ಬ್ಯಾಕ್ಟೀರಿಯಾ ಉಳಿಯುತ್ತದೆ. ಸ್ಟ್ರೆಪ್ಟೋಸೈಕ್ಲಿನ್ ಅಂದರೆ ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್. ಎರಡೂ ಮನುಷ್ಯರ ಔಷಧಿಗಳು. ಸ್ಟ್ರೆಪ್ಟೋಮೈಸಿನ್ ಕ್ಷಯಕ್ಕೆ ಸಿಕ್ಕ ಮೊದಲ ಒಳ್ಳೆಯ ಮದ್ದು. ಅದನ್ನು ಬಯಲಿಗೆ ಸಿಂಪಡಿಸುವುದು ನನಗೆ ಸರಿ ಕಾಣುವುದಿಲ್ಲ. ಸಾಲ ಮಾಡಿ ತೋಟ ಮಾಡಿದವರ ಕಷ್ಟ ಗೊತ್ತಿದ್ದೇ ಈ ಮಾತು ಹೇಳುತ್ತಿದ್ದೇನೆ.

ಔಷಧಿಗಿಂತ ಹೆಚ್ಚು ಕೈ ಹಿಡಿಯುವುದು ಬೇರೆ ಕೆಲಸಗಳು. ರೋಗವಿಲ್ಲದ ಸಸಿ ತನ್ನಿ. ಚಾಟ್ನಿ ಮಾಡುವ, ಅಂದರೆ ರೆಂಬೆ ಸವರುವ ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ. ಚುಕ್ಕೆ ಬಿದ್ದ ಕಾಯಿ, ಒಡೆದ ಕಾಂಡ ತೋಟದಲ್ಲಿ ಬಿಡದೆ ಸುಡಿ. ಮಳೆಗಾಲದ ಬೆಳೆಗಿಂತ ಮಳೆ ನಿಂತ ಮೇಲಿನ ಬಹಾರ್‌ನಲ್ಲಿ, ಅಂದರೆ ಹೂ ಬಿಡಿಸುವ ಹಂಗಾಮಿನಲ್ಲಿ, ಈ ರೋಗದ ಕಾಟ ಕಡಿಮೆ.

ಹೆಪ್ಪು ಹಾಕಿದರೂ ಹಾಲು ಮೊಸರಾಗಲಿಲ್ಲ. ಹಸುವಿಗೆ ಇಂಜೆಕ್ಷನ್ ಕೊಟ್ಟಿದ್ದಕ್ಕೆ ಅನ್ನುತ್ತಾರೆ. ನಿಜವಾ?

ನಿಜ ಇರಬಹುದು. ಕೆಚ್ಚಲು ಬಾವಿಗೆ ಕೊಡುವ ಆಂಟಿಬಯೋಟಿಕ್ ಕೆಲವು ದಿನ ಹಾಲಿನಲ್ಲಿ ಬರುತ್ತದೆ. ಕಾಯಿಸಿದರೂ ಪೆನಿಸಿಲಿನ್ ಪೂರ್ತಿ ಹೋಗುವುದಿಲ್ಲ. ಮೊಸರು ಮಾಡುವ ಬ್ಯಾಕ್ಟೀರಿಯಾಗಳು ಅದಕ್ಕೆ ಬಲು ಬೇಗ ಸೋಲುತ್ತವೆ. ಹುಳಿ ಹುಟ್ಟುವುದಿಲ್ಲ, ಹಾಲು ಗಟ್ಟಿಯಾಗುವುದಿಲ್ಲ. ಡೈರಿಗಳಲ್ಲಿ ಹಾಲಿನ ಔಷಧಿ ಪರೀಕ್ಷೆ ಮಾಡುವ ಒಂದು ವಿಧಾನವೂ ಹೀಗೇ ಇದೆ. ಔಷಧಿಗೆ ಬೇಗ ಸಾಯುವ ಒಂದು ಬ್ಯಾಕ್ಟೀರಿಯಾವನ್ನು ಹಾಲಿನ ಜೊತೆ ಬೆಚ್ಚಗೆ ಇಡುತ್ತಾರೆ. ಅದು ಬೆಳೆದು ಹುಳಿ ಬಿಟ್ಟರೆ ನೇರಳೆ ಬಣ್ಣ ಹಳದಿಯಾಗುತ್ತದೆ, ಹಾಲು ಸರಿ. ನೇರಳೆಯಾಗೇ ಉಳಿದರೆ ಹಾಲಿನಲ್ಲಿ ಔಷಧಿ ಇದೆ.

ಎಷ್ಟು ದಿನ ಹಾಲು ಬಳಸಬಾರದು ಅಂತ ಔಷಧಿಯ ಮೇಲೆ ಬರೆದಿರುತ್ತದೆ, ಪಶುವೈದ್ಯರೂ ಹೇಳುತ್ತಾರೆ. ನಮ್ಮ ಅಜ್ಜಿಗೆ ಪೆನಿಸಿಲಿನ್ ಹೆಸರು ಗೊತ್ತಿರಲಿಲ್ಲ. ಗೌರಿ ಅನ್ನುವ ಹಸುವಿಗೆ ಇಂಜೆಕ್ಷನ್ ಆದ ಮೇಲೆ ದಿನಾ ಒಂದು ಲೋಟ ಹಾಲಿಗೆ ಬೇರೆಯಾಗಿ ಹೆಪ್ಪು ಹಾಕಿ ಇಡುತ್ತಿದ್ದರು. ಬೆಳಿಗ್ಗೆ ಅದು ನೀರಾಗೇ ಇದ್ದರೆ ಆ ದಿನದ ಹಾಲು ತೆಂಗಿನ ಬುಡಕ್ಕೆ. ಐದನೇ ಬೆಳಿಗ್ಗೆ ಲೋಟ ಓರೆ ಮಾಡಿ ನೋಡಿದರು, ಗಟ್ಟಿ ಮೊಸರು. ಅಂದಿನಿಂದ ನಮಗೆ ಗೌರಿಯ ಹಾಲು ಮತ್ತೆ ಶುರುವಾಯಿತು.